ಮಜಲ್‌ಲೋಡರ್ ಸೀಸನ್ ಬೇಕು, ಆದರೆ ಡಿಸೆಂಬರ್‌ನಲ್ಲಿ ಬೇಡ

ನಿಮ್ಮ ಪ್ರಶ್ನೆ ಹೀಗಿದೆ: ನೀವಿರುವುದು ಅಮೆರಿಕದ ಪಶ್ಚಿಮ ಭಾಗದ ಒಂದು ರಾಜ್ಯದಲ್ಲಿ. ಜಿಂಕೆ, ಎಲ್ಕ್‌ನಂಥ (ನಮ್ಮ ಕಡವೆಯ ಥರದ ಭಾರೀ ಜಿಂಕೆ) ದೊಡ್ಡ ಪ್ರಾಣಿಗಳ ಶಿಕಾರಿಗೆ, ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ಮಜಲ್‌ಲೋಡರ್ ಬಂದೂಕಿನವರಿಗೇ ಬೇರೆ ಸೀಸನ್ ಕೊಡಬೇಕು ಅಂತ ಅಲ್ಲಿ ಮಾತು ನಡೆಯುತ್ತಿದೆ. ಮೊಂಟಾನಾ 2021ರಲ್ಲಿ ಕೊಟ್ಟಿತಲ್ಲ, ಎಲ್ಲರೂ ಅದನ್ನೇ ತೋರಿಸುತ್ತಿದ್ದಾರೆ. ಸಾರ್ವಜನಿಕರ ಅಭಿಪ್ರಾಯ ಕೇಳಿದ್ದಾರೆ. ಹೊಸದಾಗಿ ಶಿಕಾರಿ ಕಲಿತ ನಾನು ಏನಂತ ಬರೆಯಲಿ? ಸೀಸನ್ ಬಂದೇಬಿಟ್ಟರೆ ಯಾವ ಬಂದೂಕು ಕೊಳ್ಳಲಿ? ಅಂತ ಕೇಳಿದ್ದೀರಿ.

ನಾನು ಮೊಂಟಾನಾದಲ್ಲೇ, ಬೋಜ್‌ಮನ್ ಹತ್ತಿರ ಇರುವವನು. ಮಜಲ್‌ಲೋಡರ್ ಹಿಡಿದೇ ಶಿಕಾರಿಗೆ ಹೋಗುತ್ತೇನೆ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಸೀಸನ್ ಬೇಕು. ಆದರೆ ಎರಡು ಷರತ್ತು ಇವೆ. ಬಂದೂಕು ನಿಜವಾಗಿಯೂ ಹಳೇ ಕಾಲದ್ದಾಗಿರಬೇಕು. ಮತ್ತು ಆ ದಿನಗಳನ್ನು ಈಗಿರುವ ಸೀಸನ್ನಿನೊಳಗಿಂದಲೇ ತೆಗೆದು ಕೊಡಬೇಕು. ಚಳಿಗಾಲಕ್ಕೆ ಹೊಸದಾಗಿ ಸೇರಿಸಬಾರದು. ಮೊಂಟಾನಾ ಮೊದಲನೆಯದನ್ನು ಚೆನ್ನಾಗಿ ಮಾಡಿತು. ಎರಡನೆಯದನ್ನು ಕೆಡಿಸಿತು.

ಊರಲ್ಲಿ ಕೂತು ಓದುವವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮ ಕೊಪ್ಪ, ತೀರ್ಥಹಳ್ಳಿ ಕಡೆ ಗದ್ದೆ ತೋಟ ಕಾಯಲು ಲೈಸೆನ್ಸ್ ಮಾಡಿಸಿ ಇಟ್ಟುಕೊಳ್ಳುವ ಕೇಪಿನ ಕೋವಿ ಗೊತ್ತಲ್ಲ? ಲೈಸೆನ್ಸಿನಲ್ಲಿ ಎಸ್‌ಬಿಎಂಎಲ್ (ಸಿಂಗಲ್ ಬ್ಯಾರೆಲ್ ಮಜಲ್ ಲೋಡಿಂಗ್) ಅಂತ ಬರೆದಿರುತ್ತಾರಲ್ಲ, ಅದೇ ಜಾತಿ. ತೋಟಾ ಕೋವಿಯಂತೆ ಹಿಂದಿನಿಂದ ತೋಟಾ ಹಾಕುವುದಲ್ಲ, ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಹಾಗೇ ಇರಲಿ. ಅಮೆರಿಕದ ಲೆಕ್ಕ ಬೇರೆ. ಇಲ್ಲಿ ಯಾವ ಪ್ರಾಣಿಯನ್ನು, ಯಾವ ದಿನಗಳಲ್ಲಿ, ಯಾವ ಆಯುಧದಿಂದ ಹೊಡೆಯಬಹುದು ಅನ್ನುವುದನ್ನು ಆಯಾ ರಾಜ್ಯ ನಿಗದಿ ಮಾಡುತ್ತದೆ. ಶಿಕಾರಿಯವರು ಕಟ್ಟುವ ಲೈಸೆನ್ಸ್ ಹಣ, ಜತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು ಮತ್ತು ಮದ್ದುಗುಂಡಿನ ತೆರಿಗೆಯಿಂದ ಬರುವ ಹಣ, ಇವುಗಳಿಂದಲೇ ರಾಜ್ಯಗಳ ವನ್ಯಜೀವಿ ಕೆಲಸ ಬಹುಪಾಲು ನಡೆಯುತ್ತದೆ. ಬಿಲ್ಲು ಬಾಣದವರಿಗೆ ಒಂದು ಸೀಸನ್, ರೈಫಲ್‌ನವರಿಗೆ ಒಂದು ಸೀಸನ್ ಹೆಚ್ಚಿನ ಕಡೆ ಇದೆ. ಮಧ್ಯದಲ್ಲಿ ಈ ಹಳೇ ಬಂದೂಕಿನವರಿಗೂ ಜಾಗ ಬೇಕಾ ಅನ್ನುವುದೇ ಪ್ರಶ್ನೆ.

ಬೇಕು ಅಂತ ಯಾಕೆ ಹೇಳುತ್ತೇನೆ ಅನ್ನುವುದಕ್ಕೆ ಮೊದಲು, ಈ ಬಂದೂಕು ತುಂಬುವುದು ಹೇಗೆ ಅಂತ ನೋಡಿ. ಅಳತೆಯ ಕೊಳವೆಗೆ ಮದ್ದು ಸುರಿದುಕೊಳ್ಳಬೇಕು. ನನ್ನ ಬಂದೂಕಿಗೆ 80 ಗ್ರೇನ್, ಅಂದರೆ 5 ಗ್ರಾಂ ಚಿಲ್ಲರೆ. ಅದನ್ನು ನಳಿಗೆಗೆ ಸುರಿದು, ಬದಿಯನ್ನು ಕೈಯಿಂದ ಎರಡು ಸಲ ತಟ್ಟಬೇಕು. ಕೊಬ್ಬು ಸವರಿದ ಹತ್ತಿಬಟ್ಟೆಯ ಚೂರನ್ನು ಬಾಯಿ ಮೇಲಿಟ್ಟು, ಅದರ ಮೇಲೆ ಸೀಸದ ಗುಂಡು ಇಡಬೇಕು. ಗಿಡ್ಡ ಕಡ್ಡಿಯಿಂದ ಒತ್ತಿ ಒಳಗೆ ಇಳಿಸಿ, ಆಮೇಲೆ ಉದ್ದ ಕಡ್ಡಿಯಿಂದ ಮದ್ದಿಗೆ ತಾಗುವ ತನಕ ಜಡಿಯಬೇಕು. ಮದ್ದಿಗೂ ಗುಂಡಿಗೂ ನಡುವೆ ಸಂದು ಉಳಿದರೆ ನಳಿಗೆಯೇ ಒಡೆಯುವ ಅಪಾಯ ಇದೆ. ಅದಕ್ಕೇ ಕಡ್ಡಿಯ ಮೇಲೆ ಒಂದು ಗುರುತು ಕೊರೆದಿರುತ್ತೇವೆ. ಗುರುತು ನಳಿಗೆಯ ಬಾಯಿಗೆ ಸರಿಯಾಗಿ ಬಂದರೆ ಗುಂಡು ಕೂತಿದೆ ಅಂತ ಅರ್ಥ. ಕೊನೆಗೆ ಕುದುರೆಯನ್ನು, ಅಂದರೆ ಬಡಿಯುವ ಸುತ್ತಿಗೆಯನ್ನು ಹಿಂದಕ್ಕೆ ಎಳೆದು, ಕಡಲೆಕಾಳಿಗಿಂತ ಚಿಕ್ಕದಾದ, ಪೆಟ್ಟು ಬಿದ್ದರೆ ಕಿಡಿ ಕೊಡುವ ಕೇಪು ಸಿಕ್ಕಿಸಬೇಕು. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಆ ಕೇಪು ಹಿಮದೊಳಗೆ ಬಿದ್ದರೆ ಮುಗೀತು, ಹುಡುಕುವ ಹಾಗೇ ಇಲ್ಲ.

ಹೊಡೆದ ಕೂಡಲೇ ಮುಖದ ಮುಂದೆ ಬಿಳೀ ಹೊಗೆ. ಪ್ರಾಣಿ ಬಿತ್ತಾ, ಓಡಿತಾ ಒಂದೂ ಕಾಣುವುದಿಲ್ಲ. ಎರಡನೇ ಈಡಿಗೆ ಸಮಯ ಸಿಗುವುದು ಅಪರೂಪ. ರಾತ್ರಿ ತುಂಬಿದ ಬಂದೂಕನ್ನು ಬೆಚ್ಚಗಿನ ಕೋಣೆಗೆ ತಂದರೆ ನಳಿಗೆ ಒಳಗೆ ನೀರಿನ ಪಸೆ ಕೂತು, ಬೆಳಿಗ್ಗೆ ಮದ್ದು ಹತ್ತದೆ ಇರಬಹುದು. ಹಾಗಾಗಿ ಕೇಪು ತೆಗೆದು, ಚಳಿ ಇರುವ ಕಡೆಯೇ ಭದ್ರವಾಗಿ ಬೀಗ ಹಾಕಿ ಇಡುತ್ತೇವೆ. ದುಂಡು ಗುಂಡಿನಿಂದ ಮರ್ಯಾದೆಯಾಗಿ ಹೊಡೆಯಬಹುದಾದ ದೂರ 75 ಗಜ, ಚೆನ್ನಾಗಿ ಕೈ ಕೂತವರಿಗೆ 100 ಗಜ. ಅದಕ್ಕಿಂತ ದೂರದಿಂದ ಹೊಡೆಯುವುದು ಪ್ರಾಣಿಗೆ ಮಾಡುವ ಅನ್ಯಾಯ.

ಈ ಕಷ್ಟದಲ್ಲೇ ಸೀಸನ್ನಿನ ತಿರುಳು ಇರುವುದು. ಉದಾಹರಣೆಗೆ, ಒಂದು ಪ್ರದೇಶದಿಂದ 50 ಗಂಡು ಎಲ್ಕ್ ತೆಗೆದರೆ ಹಿಂಡಿಗೆ ತೊಂದರೆ ಇಲ್ಲ ಅಂತ ಜೀವಶಾಸ್ತ್ರಜ್ಞರು ಹೇಳಿದರು ಅಂದುಕೊಳ್ಳಿ. ರೈಫಲ್ ಹಿಡಿದ ನಾಲ್ವರಲ್ಲಿ ಒಬ್ಬರಿಗೆ ಪ್ರಾಣಿ ಸಿಗುವುದಾದರೆ 200 ಜನರಿಗೆ ಪರ್ಮಿಟ್ ಕೊಡಬಹುದು. ಎಂಟರಲ್ಲಿ ಒಬ್ಬರಿಗೇ ಸಿಗುವಂಥ ಬಂದೂಕಾದರೆ 400 ಜನ ಕಾಡಿಗೆ ಹೋಗಬಹುದು. ಸಾಯುವ ಪ್ರಾಣಿ ಅಷ್ಟೇ. ಕಾಡು ನೋಡುವ, ಹೆಜ್ಜೆ ಗುರುತು ಹಿಡಿದು ನಡೆಯುವ ಜನ ಎರಡು ಪಟ್ಟು. ಪರ್ಮಿಟ್ ಲಾಟರಿಯಲ್ಲಿ ವರ್ಷಗಟ್ಟಲೆ ಹೆಸರು ಬಾರದೆ ಕೂತವರಿಗೆ ಇದು ದೊಡ್ಡ ಮಾತು. ನಿಮ್ಮಂಥ ಹೊಸಬರಿಗಂತೂ ಇನ್ನೂ ದೊಡ್ಡದು, ಯಾಕಂದರೆ ಲಾಟರಿಯಲ್ಲಿ ಹೆಸರು ಬಾರದ ವರ್ಷಗಳಿಗೆ ಸಿಗುವ ಪಾಯಿಂಟ್ ಕೂಡಿಹಾಕಿದ ಹಳಬರ ಹಿಂದೆ ನೀವು ನಿಂತಿರುತ್ತೀರಿ.

ಆದರೆ ಈ ಲೆಕ್ಕ ನಿಲ್ಲಬೇಕಾದರೆ ಬಂದೂಕು ಕಷ್ಟದ್ದಾಗಿಯೇ ಉಳಿಯಬೇಕು. 1985ರಲ್ಲಿ ನೈಟ್ ಎಂಕೆ-85 ಅನ್ನುವ ಬಂದೂಕು ಮಾರುಕಟ್ಟೆಗೆ ಬಂತು. ಕಿಡಿ ಹೊತ್ತುವ ಜಾಗ ಮದ್ದಿನ ನೇರ ಹಿಂದೆ, ಮಳೆ ಗಾಳಿ ತಾಗದ ಹಾಗೆ. ಇನ್‌ಲೈನ್ ಅಂತ ಕರೆಯುವುದು ಇದನ್ನೇ. ಆಮೇಲೆ ಕೇಪಿನ ಜಾಗಕ್ಕೆ ಶಾಟ್‌ಗನ್ನಿನ 209 ಪ್ರೈಮರ್, ಅಂದರೆ ಇನ್ನೂ ಜೋರಾದ ಕಿಡಿ ಕೊಡುವ ಬಿಲ್ಲೆ, ಬಂತು. ಅಳೆದು ಸುರಿಯುವ ಮದ್ದಿನ ಬದಲು ಗುಳಿಗೆ ಬಂತು. ದುಂಡು ಗುಂಡಿನ ಬದಲು ಪ್ಲಾಸ್ಟಿಕ್ ಕವಚದೊಳಗೆ ಚೂಪು ಗುಂಡು ಬಂತು. ಮೇಲೊಂದು ಸ್ಕೋಪ್. ಈಗ 200 ಗಜ ಅದಕ್ಕೆ ಲೆಕ್ಕವೇ ಅಲ್ಲ. ಒಂದೇ ಈಡಿನ ರೈಫಲ್ ಅಂದರೂ ಸರಿಯೇ. ಅಂಥ ಬಂದೂಕಿಗೆ ವಿಶೇಷ ಸೀಸನ್ ಯಾಕೆ ಬೇಕು ಹೇಳಿ? ಜಾಸ್ತಿ ಜನಕ್ಕೆ ಪ್ರಾಣಿ ಸಿಕ್ಕುತ್ತಾ ಹೋದರೆ ಇಲಾಖೆ ಪರ್ಮಿಟ್ ಕಡಿಮೆ ಮಾಡಲೇಬೇಕು. ಕೊನೆಗೆ ಎಲ್ಲಿಂದ ಹೊರಟೆವೋ ಅಲ್ಲಿಗೇ ಬರುತ್ತೇವೆ.

ಯೂಟಾ ರಾಜ್ಯದಲ್ಲಿ ಇದು ನಡೆದಿದೆ. ಮಜಲ್‌ಲೋಡರ್ ಸೀಸನ್ನಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಸ್ಕೋಪ್ ಹಾಕಿಕೊಳ್ಳಲು 2016ರಲ್ಲಿ ಬಿಟ್ಟರು. 2024ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ಎಷ್ಟೋ ಜನ ಅಂಥ ದುಬಾರಿ ಬಂದೂಕು ಕೊಂಡಾಗಿತ್ತು. ಕೊಟ್ಟದ್ದನ್ನು ಕಿತ್ತುಕೊಂಡರೆ ಜಗಳ ಆಗದೆ ಇರುತ್ತದಾ? ಅದಕ್ಕೇ ಮೊದಲ ದಿನವೇ ಗಟ್ಟಿ ನಿಯಮ ಬರೆಯಬೇಕು ಅನ್ನುವುದು.

ಗಟ್ಟಿ ನಿಯಮಕ್ಕೆ ಹಳೇ ಉದಾಹರಣೆ ಪೆನ್ಸಿಲ್ವೇನಿಯಾ. 1974ರಲ್ಲಿ ಶುರುವಾದ ಅಲ್ಲಿನ ಕ್ರಿಸ್‌ಮಸ್ ನಂತರದ ಸೀಸನ್ ಇವತ್ತಿಗೂ ಫ್ಲಿಂಟ್‌ಲಾಕ್‌ನವರದ್ದು. ಕೇಪೂ ಇಲ್ಲ, ಚಕಮಕಿ ಕಲ್ಲಿನ ಕಿಡಿಯಿಂದಲೇ ಮದ್ದು ಹತ್ತಬೇಕು. ಇನ್‌ಲೈನ್‌ನವರಿಗೆ ಅಕ್ಟೋಬರ್‌ನಲ್ಲಿ ಬೇರೆ ದಿನಗಳಿವೆ. ಕೊಲೊರಾಡೊ ಇನ್ನೊಂದು ದಾರಿ ಹಿಡಿಯಿತು. ಇನ್‌ಲೈನ್ ಬೇಡ ಅನ್ನಲಿಲ್ಲ. ಆದರೆ ಸ್ಕೋಪ್ ಇಲ್ಲ, ಗುಳಿಗೆ ಮದ್ದು ಇಲ್ಲ, ಪ್ಲಾಸ್ಟಿಕ್ ಕವಚ ಇಲ್ಲ. ಎಲ್ಕ್‌ಗೆ ಕನಿಷ್ಠ .50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಅರ್ಧ ಇಂಚು) ಬೇಕು. ಸೀಸನ್ ಸೆಪ್ಟೆಂಬರ್‌ನಲ್ಲಿ, ಗಂಡು ಎಲ್ಕ್ ಬೆದೆಗೆ ಬಂದು ಕೂಗುವ ಕಾಲದಲ್ಲಿ, 9 ದಿನ. ಅದು ಬಿಲ್ಲಿನವರ ಸೀಸನ್ನಿನ ನಡುವೆಯೇ ಬರುತ್ತದೆ. ಬಿಲ್ಲಿನವರಿಗೆ ಅದರ ಬಗ್ಗೆ ಅಸಮಾಧಾನ ಇದೆ, ಅದು ನ್ಯಾಯವೇ. ಮರದ ಬುಡದಲ್ಲಿ ಅಲ್ಲಾಡದೆ ಕೂತವನಿಗೆ ಪಕ್ಕದ ಕಣಿವೆಯಲ್ಲಿ ಈಡು ಕೇಳಿದರೆ ಹೇಗಾಗಬೇಡ?

ಮೊಂಟಾನಾ 2021ರಲ್ಲಿ ಎಚ್‌ಬಿ 242 ಮಸೂದೆಯಿಂದ ಮಾಡಿದ್ದು ಇವೆಲ್ಲಕ್ಕಿಂತ ಶುದ್ಧ. ಹೆಸರೇ 'ಹೆರಿಟೇಜ್', ಅಂದರೆ ಪರಂಪರೆಯ ಸೀಸನ್. ಕನಿಷ್ಠ .45 ಕ್ಯಾಲಿಬರ್. ಬರೀ ಸೀಸದ ಗುಂಡು. ಬಿಡಿ ಮದ್ದು ಮಾತ್ರ. ಫ್ಲಿಂಟ್‌ಲಾಕ್, ಕೇಪು, ಅಥವಾ ಅದಕ್ಕೂ ಹಳೆಯ, ಉರಿಯುವ ಬತ್ತಿಯಿಂದಲೋ ತಿರುಗುವ ಚಕ್ರದ ಕಿಡಿಯಿಂದಲೋ ಮದ್ದು ಹತ್ತಿಸುವ ಬಂದೂಕು. ಬರಿಗಣ್ಣಿನ ಗುರಿ. ಈ ಭಾಗವನ್ನು ನಿಮ್ಮ ರಾಜ್ಯ ಕಣ್ಣುಮುಚ್ಚಿ ನಕಲು ಮಾಡಬಹುದು.

ಕೆಟ್ಟಿದ್ದು ದಿನಾಂಕದಲ್ಲಿ. ಮೊಂಟಾನಾದಲ್ಲಿ ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮೊದಲಲ್ಲಿ ಶುರುವಾಗಿ ಆರು ವಾರ ನಡೆಯುತ್ತದೆ. ಆಮೇಲೆ ರೈಫಲ್ ಸೀಸನ್ ಐದು ವಾರ, ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಭಾನುವಾರಕ್ಕೆ ಮುಗಿಯುತ್ತದೆ. ಪ್ರಾಣಿಗಳ ಮೇಲೆ ಒತ್ತಡ ಅಷ್ಟಾದ ಮೇಲೆ, ಡಿಸೆಂಬರ್ ಎರಡನೇ ಶನಿವಾರದಿಂದ 9 ದಿನ ಮಜಲ್‌ಲೋಡರ್‌ಗೆ ಅಂತ ಸೇರಿಸಿದರು. ರೈಫಲ್ ಸೀಸನ್ನಿನಲ್ಲಿ ಬಳಸದೆ ಉಳಿದ ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ಕೊಡುವ ಚೀಟಿ) ಇದ್ದರೆ ಸಾಕು. ಇಲ್ಲಿನ ನಿವಾಸಿಗಳಿಗೆ ಸಾಮಾನ್ಯ ಜಿಂಕೆ, ಎಲ್ಕ್ ಲೈಸೆನ್ಸ್ ಅಂಗಡಿಯಲ್ಲೇ ಸಿಗುತ್ತದೆ. ಹಾಗಾಗಿ ನಾನು ಮೇಲೆ ಹೇಳಿದ 200 ಮತ್ತು 400ರ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ. ಯಾರ ದಿನವನ್ನೂ ಕಡಿಮೆ ಮಾಡಲಿಲ್ಲ, ಸುಮ್ನೆ ಮೇಲಕ್ಕೆ 9 ದಿನ ಕೂಡಿಸಿದರು. ಯಾರಿಗೂ ಬೇಸರ ಆಗದ ತೀರ್ಮಾನ. ಅದರ ಬೆಲೆ ಕೊಡುವುದು ಮಾತ್ರ ಪ್ರಾಣಿಗಳು.

ಎಲ್ಕ್‌ಗೆ ಡಿಸೆಂಬರ್ ಎಂಥ ಕಾಲ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಬ್ರಿಡ್ಜರ್ ಬೆಟ್ಟಸಾಲಿನ ಕೆಳಗೆ, ದಕ್ಷಿಣಕ್ಕೆ ಮುಖ ಮಾಡಿದ ಒಂದು ಇಳಿಜಾರು. ಬಿಸಿಲು ಬಿದ್ದು, ಗಾಳಿ ಹೊಡೆದು ಹಿಮ ಅಲ್ಲಿ ತೆಳುವಾಗಿರುತ್ತದೆ, ಒಣ ಹುಲ್ಲು ಅಷ್ಟಿಷ್ಟು ಮೇಲೆ ಕಾಣುತ್ತದೆ. ಒಂದು ಹಿಂಡು ಅಲ್ಲಿ ಮಲಗಿತ್ತು, ಹೆಚ್ಚಿನವು ಹೆಣ್ಣು ಮತ್ತು ಆ ವರ್ಷದ ಕರುಗಳು. ನಾವು ಇನ್ನೂ ಗುರಿಯ ದೂರದ ಹತ್ತಿರವೂ ಬಂದಿರಲಿಲ್ಲ. ಗಾಳಿ ಒಂದು ಸಲ ತಿರುಗಿತು. ಮುಂದಿದ್ದ ಹೆಣ್ಣು ಎದ್ದಿತು, ಆಮೇಲೆ ಎಲ್ಲವೂ ಎದ್ದವು. ಇಳಿಜಾರು ಬಿಟ್ಟು ಪಕ್ಕದ ಹಳ್ಳಕ್ಕೆ ಇಳಿದವು. ಅಲ್ಲಿ ಹಿಮ ಹೊಟ್ಟೆಮಟ್ಟ. ಮೇಲ್ಪದರ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು, ಮುಂದಿನದು ಪ್ರತಿ ಹೆಜ್ಜೆಗೂ ಎದೆ ಕೊಟ್ಟು ಅದನ್ನು ಒಡೆಯಬೇಕಿತ್ತು. ಅದು ದಣಿದಾಗ ಇನ್ನೊಂದು ಮುಂದಕ್ಕೆ ಬಂತು. ಕರುಗಳು ಆ ಒಡೆದ ಜಾಡಿನಲ್ಲಿ, ಬಾಯಿ ತೆರೆದುಕೊಂಡು ಹಿಂದೆ ಹೋದವು. ಆಚೆ ದಡ ಹತ್ತುವಷ್ಟರಲ್ಲಿ ಅವುಗಳ ಬೆನ್ನಿಂದ ಹಬೆ ಏಳುತ್ತಿತ್ತು. ನಾವು ಕೇಪು ತೆಗೆದು ವಾಪಸ್ ಬಂದೆವು. ಒಂದು ಈಡೂ ಹಾರಲಿಲ್ಲ. ಇಲಾಖೆಯ ಪಟ್ಟಿಯಲ್ಲಿ ಆ ದಿನ ಸೊನ್ನೆ. ಆದರೆ ಆ ಹಿಂಡಿಗೆ ಆದ ಖರ್ಚು ಸೊನ್ನೆಯಲ್ಲ.

ಚಳಿಗಾಲದಲ್ಲಿ ಎಲ್ಕ್ ಬದುಕುವುದು ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ. ತಿನ್ನುವುದು ಅದು ಬೇಗ ಕರಗದಿರಲಿ ಅಂತ ಅಷ್ಟೇ. ಡಿಸೆಂಬರ್‌ನಲ್ಲಿ ಹೆಣ್ಣಿನ ಹೊಟ್ಟೆಯಲ್ಲಿ ಕರು ಇರುತ್ತದೆ, ಹುಟ್ಟುವುದು ಮೇ ಕೊನೆ, ಜೂನ್‌ನಲ್ಲಿ. ಬೆದೆಗಾಲ ಮುಗಿಸಿದ ಗಂಡುಗಳು ಬಡಕಲಾಗಿರುತ್ತವೆ. ಈ ಮಾತನ್ನು ರಾಜ್ಯವೇ ಒಪ್ಪುತ್ತದೆ. ಮೊಂಟಾನಾದ ಎಷ್ಟೋ ವನ್ಯಜೀವಿ ನಿರ್ವಹಣಾ ಪ್ರದೇಶಗಳಿಗೆ ಡಿಸೆಂಬರ್‌ನಿಂದ ಮೇ ಮಧ್ಯದವರೆಗೆ ನಡೆದುಕೊಂಡು ಹೋಗಲೂ ಬಿಡುವುದಿಲ್ಲ, ಪ್ರಾಣಿಗಳಿಗೆ ತೊಂದರೆ ಆಗದಿರಲಿ ಅಂತ. ಒಂದು ಬೇಲಿಯ ಆ ಕಡೆ ನಡೆಯುವುದೇ ತಪ್ಪು, ಈ ಕಡೆ ಬಂದೂಕು ಹಿಡಿದು ಹಿಂಬಾಲಿಸಿದರೆ ಸರಿ. ಇದು ಹೇಗೆ ಕೂಡುತ್ತದೆ?

ಇನ್ನೂ ಒಂದಿದೆ. ಬೆದರಿದ ಎಲ್ಕ್ ಹೋಗುವುದು ಕೆಳಗಿನ ರಾಂಚ್‌ಗಳಿಗೆ. ಅಲ್ಲಿ ಶಿಕಾರಿ ಇಲ್ಲ, ದನಕ್ಕೆ ಅಂತ ಕೂಡಿಟ್ಟ ಹುಲ್ಲಿನ ಬಣವೆ ಇದೆ. ರಾಂಚಿನವರಿಗೆ ನಷ್ಟ, ಸಾರ್ವಜನಿಕ ಜಾಗದಲ್ಲಿ ಶಿಕಾರಿ ಮಾಡುವವರಿಗೆ ಪ್ರಾಣಿಯೇ ಇಲ್ಲ.

ಎದುರು ಮಾತು ಬರುತ್ತದೆ, ಗೊತ್ತು. ಹೋಗುವವರೇ ಕಡಿಮೆ ಜನ, ಅಷ್ಟಕ್ಕೇ ಏನಾಗುತ್ತೆ ಅನ್ನುತ್ತಾರೆ. ಇವತ್ತು ಕಡಿಮೆ ಇರಬಹುದು. ಸೀಸನ್ ಇದೆ ಅಂದ ಮೇಲೆ ಬಂದೂಕು ಕೊಳ್ಳುವವರು ಹೆಚ್ಚುತ್ತಾರೆ, ಅದು ಸಹಜ. ಕೆಲವು ಕಡೆ ಆಗಸ್ಟ್ 15ರಿಂದ ಫೆಬ್ರವರಿ 15ರವರೆಗೂ ಎಲ್ಕ್ ಶಿಕಾರಿ ಇದೆಯಲ್ಲ ಅನ್ನುತ್ತಾರೆ. ಅದು ಶೋಲ್ಡರ್ ಸೀಸನ್. ಎಲ್ಕ್ ಮಿತಿಮೀರಿ ಹೊಲ ತಿನ್ನುವ ಜಾಗಗಳಿಗೆ, ಮುಖ್ಯವಾಗಿ ಖಾಸಗಿ ಜಮೀನಿಗೆ ಅಂತ ಆರಿಸಿ ಮಾಡಿದ್ದು. ಉಳಿದ ಟ್ಯಾಗ್ ಎಲ್ಲೆಲ್ಲಿ ಸಲ್ಲುತ್ತದೋ ಅಲ್ಲೆಲ್ಲ ಬಾಗಿಲು ತೆರೆಯುವುದು ಬೇರೆಯೇ ಮಾತು. ಪೆನ್ಸಿಲ್ವೇನಿಯಾದಲ್ಲೂ ಚಳಿಗಾಲದಲ್ಲೇ ಮಾಡುತ್ತಾರಲ್ಲ ಅಂತ ನೀವು ಕೇಳಬಹುದು. ಅಲ್ಲಿನದು ಬಿಳಿಬಾಲದ ಜಿಂಕೆ, ಹೊಲ ಮತ್ತು ಕಾಡಿನ ಅಂಚಿನಲ್ಲಿ ಮೇವು ಹುಡುಕಿಕೊಳ್ಳುವ ಪ್ರಾಣಿ. ಹತ್ತಾರು ಮೈಲಿ ಇಳಿದು ಬಂದು ಒಂದೇ ಇಳಿಜಾರಿನಲ್ಲಿ ಚಳಿಗಾಲ ಕಳೆಯುವ ಎಲ್ಕ್‌ನ ಪರಿಸ್ಥಿತಿ ಅದಕ್ಕಿಲ್ಲ.

ಹಾಗಾದರೆ ಯಾವಾಗ? ನನ್ನ ಕೈಯಲ್ಲಿದ್ದರೆ ರೈಫಲ್ ಸೀಸನ್ನಿನ ಕೊನೆಯ 9 ದಿನ ಕತ್ತರಿಸಿ ಮಜಲ್‌ಲೋಡರ್‌ಗೆ ಕೊಡುತ್ತಿದ್ದೆ. ನವೆಂಬರ್ ಮಧ್ಯದಿಂದ ಮ್ಯೂಲ್ ಡಿಯರ್, ಅಂದರೆ ಇಲ್ಲಿನ ದೊಡ್ಡ ಕಿವಿಯ ಜಿಂಕೆಗಳು, ಬೆದೆಯಲ್ಲಿರುತ್ತವೆ. ದೊಡ್ಡ ಗಂಡುಗಳು ಹೆಣ್ಣಿನ ಹಿಂದೆ ಬಯಲಿಗೆ ಬಂದು ಮೈಮರೆತು ನಿಂತಿರುತ್ತವೆ. ಆಗ 400 ಗಜದಿಂದ ಹೊಡೆಯುವ ರೈಫಲ್ ಇದ್ದವನಿಗೆ ಅದೊಂದು ಶಿಕಾರಿಯೇ ಅಲ್ಲ. ಬೇರೆ ಹಲವು ಪಶ್ಚಿಮದ ರಾಜ್ಯಗಳು ಬೆದೆಗಾಲದಲ್ಲಿ ರೈಫಲ್‌ಗೆ ಕಡಿವಾಣ ಹಾಕಿವೆ, ಮೊಂಟಾನಾ ಹಾಕಿಲ್ಲ. ಆ 9 ದಿನ 75 ಗಜದ ಬಂದೂಕಿಗೆ ಮಾತ್ರ ಅಂದರೆ ಎಷ್ಟೋ ಗಂಡು ಜಿಂಕೆ ಉಳಿಯುತ್ತವೆ, ಶಿಕಾರಿಯವರಿಗೂ ಕಾಡಿಗೆ ಹೋಗುವ ದಿನ ಕಡಿಮೆ ಆಗುವುದಿಲ್ಲ, ಡಿಸೆಂಬರ್ ಬಂದ ಮೇಲೆ ಎಲ್ಕ್‌ಗೂ ನೆಮ್ಮದಿ. ಕಷ್ಟ ಇರುವುದು ಥ್ಯಾಂಕ್ಸ್‌ಗಿವಿಂಗ್‌ನಲ್ಲಿ. ಕಾಲೇಜಿನಿಂದ ಬಂದ ಮಕ್ಕಳನ್ನು ಕರೆದುಕೊಂಡು ಅಪ್ಪ ಅಜ್ಜ ಎಲ್ಲ ಒಟ್ಟಿಗೆ ಶಿಕಾರಿಗೆ ಹೋಗುವ ವಾರ ಅದು. ಆ ಮನೆಗಳವರಿಗೆ ಇದು ನಿಜವಾದ ನಷ್ಟ, ಇಲ್ಲ ಅನ್ನಲಾರೆ. ಆದರೂ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಮೊಂಟಾನಾದಲ್ಲಿ ಈ ಬದಲಾವಣೆ ಸುಲಭವಿಲ್ಲ. ದಿನಾಂಕವನ್ನು ಶಾಸನಸಭೆ ಕಾನೂನಿನಲ್ಲೇ ಬರೆದುಬಿಟ್ಟಿದೆ. ಸಾಮಾನ್ಯವಾಗಿ ಸೀಸನ್ ದಿನಗಳನ್ನು ಹೊಂದಿಸುವುದು ವನ್ಯಜೀವಿ ಆಯೋಗ, ಜೀವಶಾಸ್ತ್ರಜ್ಞರ ಎಣಿಕೆ ನೋಡಿಕೊಂಡು. ಹಿಮ ಬೇಗ ಬಿದ್ದ ವರ್ಷ, ಹಿಂಡು ಇಳಿದುಹೋದ ವರ್ಷ ಅವರು ದಿನ ಕಡಿಮೆ ಮಾಡಬಹುದು. ಕಾನೂನಿನಲ್ಲಿ ಬರೆದಿದ್ದಕ್ಕೆ ಅಂಥ ಬಾಗುವಿಕೆ ಇಲ್ಲ. ನಿಮ್ಮಲ್ಲೂ ಮಸೂದೆಯ ಮೂಲಕವೇ ತರುತ್ತಿದ್ದರೆ, ದಿನಾಂಕವನ್ನು ಆಯೋಗಕ್ಕೆ ಬಿಡಿ ಅಂತ ಒತ್ತಿ ಹೇಳಿ.

ಗಾಯವಾಗಿ ತಪ್ಪಿಸಿಕೊಳ್ಳುವ ಪ್ರಾಣಿಗಳ ಬಗ್ಗೆ ಸಭೆಯಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ. ಅದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ದುಂಡು ಗುಂಡು ಹತ್ತಿರದಿಂದ ಪಕ್ಕೆಗೆ ಬಿದ್ದರೆ ಎಲ್ಕ್ ಹೆಚ್ಚು ದೂರ ಹೋಗುವುದಿಲ್ಲ. 150 ಗಜದಿಂದ ಆಸೆಗೆ ಬಿದ್ದು ಹೊಡೆದರೆ ರಾತ್ರಿಯೆಲ್ಲ ರಕ್ತದ ಜಾಡು ಹುಡುಕಬೇಕು. ಕ್ಯಾಲಿಬರ್ ಮಿತಿ ಇರಲಿ, ಎಲ್ಕ್‌ಗೆ ಕೊಲೊರಾಡೊದ .50 ಸರಿಯಾದ ಗೆರೆ. ಮೊಂಟಾನಾದ .45 ನನಗೆ ಕಡಿಮೆ ಅನ್ನಿಸುತ್ತದೆ.

ಹಾಗಾಗಿ ನಿಮ್ಮ ಪತ್ರದಲ್ಲಿ ಹೀಗೆ ಬರೆಯಿರಿ: ಸೀಸನ್ನಿಗೆ ಬೆಂಬಲ ಇದೆ. ಬಿಡಿ ಮದ್ದು, ಸೀಸದ ಗುಂಡು, ಬರಿಗಣ್ಣಿನ ಗುರಿ, ಹೊರಗೆ ಕಾಣುವ ಕೇಪು ಅಥವಾ ಚಕಮಕಿ, ಈ ನಿಯಮ ಮೊದಲ ವರ್ಷದಿಂದಲೇ ಇರಲಿ. ರೈಫಲ್ ಸೀಸನ್ನಿನಿಂದ ದಿನ ತೆಗೆದು ಕೊಡಿ, ಚಳಿಗಾಲದ ಮೇವಿನ ಜಾಗಗಳಿಗೆ ಪ್ರಾಣಿ ಇಳಿದ ಮೇಲೆ ಬೇಡ. ಕೊಡುವುದು ಡಿಸೆಂಬರ್‌ನಲ್ಲಿ ಮಾತ್ರ ಅಂದರೆ ಬೇಡವೇ ಬೇಡ ಅಂತಲೂ ಬರೆಯಿರಿ. ಮಜಲ್‌ಲೋಡರ್‌ನವರೇ ಹಾಗೆ ಬರೆದರೆ ಆಯೋಗದವರು ನಿಂತು ಓದುತ್ತಾರೆ. ನಾನು ಮೊಂಟಾನಾದಲ್ಲಿ ಹಾಗೇ ಬರೆಯುತ್ತಿದ್ದೇನೆ.

ಬಂದೂಕಿನ ವಿಷಯ. ನಿಯಮ ಅಚ್ಚಾಗುವ ತನಕ ಏನೂ ಕೊಳ್ಳಬೇಡಿ, ಇನ್‌ಲೈನ್ ಅಂತೂ ಬೇಡವೇ ಬೇಡ. ಮೊದಲ ಬಂದೂಕಿಗೆ ಫ್ಲಿಂಟ್‌ಲಾಕ್ ಕಷ್ಟ. ಕಿಡಿಗೂ ಈಡಿಗೂ ನಡುವೆ ಒಂದು ಕ್ಷಣ ತಡ ಆಗುತ್ತದೆ, ಆ ಕ್ಷಣದಲ್ಲಿ ಹೊಸಬರ ಕೈ ಅಲುಗುತ್ತದೆ. ಕೇಪಿನದು ತೆಗೆದುಕೊಳ್ಳಿ. ಜಿಂಕೆಗೆ .50 ಸಾಕು, ಎಲ್ಕ್ ಮನಸ್ಸಿನಲ್ಲಿದ್ದರೆ .54. ನೀವು ಎಚ್-1ಬಿಯಂಥ ವೀಸಾದಲ್ಲಿದ್ದರೆ ಬಂದೂಕಿನ ಕಾನೂನು ಬೇರೆ, ರಾಜ್ಯದಿಂದ ರಾಜ್ಯಕ್ಕೂ ಬೇರೆ. ಕೊಳ್ಳುವ ಮೊದಲು ವಕೀಲರನ್ನು ಒಮ್ಮೆ ಕೇಳಿ. ಈಡು ತಡವಾದರೆ, ಕೇಪು ಮಾತ್ರ ಟಪ್ ಅಂದು ಮದ್ದು ಹತ್ತದಿದ್ದರೆ, ನಳಿಗೆಯನ್ನು ಒಂದು ನಿಮಿಷ ಗುರಿಯ ಕಡೆಗೇ ಹಿಡಿದಿರಿ, ಬಗ್ಗಿ ನೋಡಬೇಡಿ. ಹೊಡೆದ ದಿನವೇ ಬಿಸಿನೀರು ಸೋಪಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ಬೇಸಿಗೆಯಿಡೀ 50 ಗಜದಲ್ಲಿ, ತಟ್ಟೆಯಷ್ಟು ಅಗಲದ ಗುರಿಗೆ ಅಭ್ಯಾಸ ಮಾಡಿ. ಪ್ರತಿ ಈಡೂ ಅದರೊಳಗೆ ಬಿದ್ದ ಮೇಲೆ 75 ಗಜಕ್ಕೆ ಹೋಗಿ. ಅಲ್ಲಿ ತಪ್ಪುತ್ತಿದ್ದರೆ ಆ ವರ್ಷ ನಿಮ್ಮ ಶಿಕಾರಿಯ ದೂರ 50 ಗಜ.